ಈ ಪುಸ್ತಕ ನೀವು ನೋಡಿದ್ದೀರಾ?

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹದಿನಾಲ್ಕು ವರ್ಷ ಆಯ್ತು. ತೂಕದ ಚೀಟಿ ಕಣ್ಣಲ್ಲಿ ನೋಡದೆ ಒಂದು ಮೂಟೆ ಜೋಳವನ್ನೂ ಖಾತೆಗೆ ಏರಿಸಿದವಳಲ್ಲ. ಹಾಗಿದ್ದವಳು ಕನ್ನಡ ವಿಕಿಪೀಡಿಯಕ್ಕೆ ಮೊದಲ ಸಲ ಬರೆದಾಗ, ಒಂದು ಪುಸ್ತಕವನ್ನೂ ತೆರೆಯದೆ ಅರವತ್ತು ವಾಕ್ಯ ಏರಿಸಿದೆ. ಅದು ಹೇಗಾಯಿತು, ಆಮೇಲೆ ಅದನ್ನು ಹೇಗೆ ಸರಿ ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಎಂಬುದೇ ಆಸೆ.

ನನ್ನ ನಾದಿನಿಯ ಮಗಳು ಓದುವ ಕಾಲೇಜಿನಲ್ಲಿ ಕಳೆದ ದಸರಾ ಮುಗಿದ ಮೇಲೆ ವಿಕಿಪೀಡಿಯಕ್ಕೆ ಬರೆಯುವುದನ್ನು ಕಲಿಸುವ ಒಂದು ದಿನದ ಕಾರ್ಯಾಗಾರ ಇತ್ತು. ಹೊರಗಿನವರೂ ಬರಬಹುದು ಎಂದಿದ್ದರಿಂದ "ಅತ್ತೆ, ನೀವೂ ಬನ್ನಿ" ಎಂದು ಕರೆದಳು. ಭಾನುವಾರ, ಹೋದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ ಎಂದು ಅಲ್ಲೇ ಗೊತ್ತಾಯಿತು. ಇಂಗ್ಲಿಷಿನಲ್ಲಿ 70 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ನಮ್ಮದು 30,000 ದಾಟಿದೆ ಅಷ್ಟೇ. ಬರೆಯುವವರೆಲ್ಲ ನಮ್ಮ ಹಾಗೆ ಸಂಬಳವಿಲ್ಲದೆ ಬರೆಯುವವರು. ಇದನ್ನು ಕೇಳಿ ನನಗೆ ನಿಜಕ್ಕೂ ಏನಾದರೂ ಮಾಡಬೇಕು ಅನ್ನಿಸಿತು. ಖಾತೆ ತೆರೆದೆ. ಪ್ರಯೋಗಪುಟದಲ್ಲಿ ನಾಲ್ಕು ಸಾಲು ಬರೆದು ಅಳಿಸಿದೆ. ಚರ್ಚೆ ಪುಟದಲ್ಲಿ ಮಾತಾಡಿದ ಮೇಲೆ ಸಹಿ ಹಾಕುವುದನ್ನು ಕಲಿತೆ. ಎಲ್ಲರೂ ಕೂತು ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ತುಂಬ ಹಿಡಿಸಿತು.

ವಿಷಯ ಹುಡುಕಲು ಯೋಚಿಸಬೇಕಾಗಲಿಲ್ಲ. ನನ್ನ ತವರು ಸಂತೆಬೆನ್ನೂರಿನ ಹತ್ತಿರದ ಹಳ್ಳಿ. ಸಂತೆಬೆನ್ನೂರಿನ ಪುಷ್ಕರಣಿ ನೋಡಿದವರಿಗೆ ಗೊತ್ತು. ಚೌಕಾಕಾರದ ಕಲ್ಲಿನ ದೊಡ್ಡ ಹೊಂಡ, ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲಿ ಮುಸಾಫಿರ್ ಖಾನಾ. ಹೊಂಡ 16ನೇ ಶತಮಾನದ ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಅದರ ಬಗ್ಗೆ ಇನ್ನೂ ವಿವರವಾಗಿ ಬರೆಯಬೇಕು ಎಂದು ಕೂತೆ.

ಆದರೆ ಅದು ಮೆಕ್ಕೆಜೋಳದ ಸೀಸನ್. ಯಾರ್ಡಿನಲ್ಲಿ ಲಾರಿ ಸಾಲು ಮುಗಿಯುವುದೇ ಇಲ್ಲ. ರಾತ್ರಿ ಎಂಟೂವರೆಗೆ ಮನೆ ಸೇರಿ, ಅಡುಗೆ ಮುಗಿಸಿ, ಹತ್ತು ಗಂಟೆಗೆ ಫೋನು ಹಿಡಿದರೆ ಕಣ್ಣು ಎಳೆಯುತ್ತಿತ್ತು. ಎರಡು ವಾರ ಕಳೆದರೂ ಮೂರು ವಾಕ್ಯ ದಾಟಲಿಲ್ಲ. ಆಗ ಒಂದು ಎಐ ಚಾಟ್‌ಬಾಟ್‌ಗೆ ಕೇಳಿದೆ. ಸಂತೆಬೆನ್ನೂರು ಪುಷ್ಕರಣಿ ಬಗ್ಗೆ ವಿಕಿಪೀಡಿಯಕ್ಕೆ ತಕ್ಕ ಲೇಖನ ಕನ್ನಡದಲ್ಲಿ ಬರೆದುಕೊಡು, ಉಲ್ಲೇಖಗಳೂ ಇರಲಿ ಎಂದೆ. ಒಂದು ನಿಮಿಷ ಆಗಿರಲಿಲ್ಲ. ಇತಿಹಾಸ, ವಾಸ್ತುಶಿಲ್ಪ, ಮಹತ್ವ, ತಲುಪುವ ದಾರಿ, ಇಪ್ಪತ್ತನಾಲ್ಕು ಉಲ್ಲೇಖ, ಎಲ್ಲ ಬಂತು. ಓದಿದೆ. ತಪ್ಪೇನೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ, ನಾನು ಹುಡುಕಲಿಲ್ಲ. ಭಾಷೆ ನೀಟಾಗಿತ್ತು. ಭಾಷೆ ನೀಟಾಗಿದ್ದರೆ ವಿಷಯವೂ ಸರಿಯಿರುತ್ತದೆ ಎಂದು ಮನಸ್ಸು ತಾನೇ ಒಪ್ಪಿಬಿಡುತ್ತದೆ. ಅಲ್ಲಲ್ಲಿ ಎರಡು ಪದ ಬದಲಿಸಿ, 'ಬದಲಾವಣೆಗಳನ್ನು ಪ್ರಕಟಿಸಿ' ಒತ್ತಿ ಮಲಗಿದೆ. ಅವತ್ತು ಎಷ್ಟು ಖುಷಿಯಾಗಿತ್ತು ಎಂದರೆ ಬೆಳಿಗ್ಗೆ ಅವ್ವನಿಗೆ ಫೋನು ಮಾಡಿ ಹೇಳಿದ್ದೆ.

ನಾಲ್ಕನೇ ದಿನ ಪುಟದ ಮೇಲೆ ಒಂದು ಸೂಚನೆಯ ಪಟ್ಟಿ ಬಂದು ಕೂತಿತ್ತು. ನನ್ನ ಚರ್ಚೆ ಪುಟದಲ್ಲಿ ಒಬ್ಬ ಹಿರಿಯ ಸಂಪಾದಕರ ಸಂದೇಶ. "ನಮಸ್ಕಾರ ಮೇಡಂ, ವಿಕಿಪೀಡಿಯಕ್ಕೆ ಸ್ವಾಗತ. ನಿಮ್ಮ ಊರಿನ ಬಗ್ಗೆ ಬರೆಯುತ್ತಿರುವುದು ಸಂತೋಷ. ಉಲ್ಲೇಖ 7ರ ಪುಸ್ತಕ ನೀವು ನೋಡಿದ್ದೀರಾ? ಅದರ ಯಾವ ಪುಟದಲ್ಲಿ ಈ ಮಾಹಿತಿ ಇದೆ?" ಅಷ್ಟೇ. ಬೈದಿರಲಿಲ್ಲ, ಅಣಕಿಸಿರಲಿಲ್ಲ.

ನಾನು ಇಲ್ಲಿ ಎರಡನೇ ತಪ್ಪು ಮಾಡಿದೆ. ಅದು ಮೊದಲನೆಯದಕ್ಕಿಂತ ದೊಡ್ಡದು ಎಂದು ಈಗ ಅನ್ನಿಸುತ್ತದೆ. ಆ ಪ್ರಶ್ನೆಯನ್ನೇ ಚಾಟ್‌ಬಾಟ್‌ಗೆ ಹಾಕಿ ಉತ್ತರ ಬರೆಸಿದೆ. "ತಮ್ಮ ಅಮೂಲ್ಯವಾದ ಪ್ರತಿಕ್ರಿಯೆಗೆ ಹೃತ್ಪೂರ್ವಕ ಧನ್ಯವಾದಗಳು" ಎಂದು ಶುರುವಾಗುವ ಉದ್ದನೆಯ ಉತ್ತರ ಬಂತು. ಎಲ್ಲ ಉಲ್ಲೇಖಗಳನ್ನೂ ಪರಿಶೀಲಿಸಲಾಗಿದೆ ಎಂದೂ ಅದರಲ್ಲಿತ್ತು. ನಾನು ಒಂದನ್ನೂ ಪರಿಶೀಲಿಸಿರಲಿಲ್ಲ. ಆದರೂ ಅದನ್ನೇ ಅಂಟಿಸಿ ಕೆಳಗೆ ನನ್ನ ಸಹಿ ಹಾಕಿದೆ. ಒಬ್ಬ ಮನುಷ್ಯ ತನ್ನ ಸಂಜೆ ಖರ್ಚು ಮಾಡಿ ನನ್ನನ್ನು ಒಂದು ಪ್ರಶ್ನೆ ಕೇಳಿದ. ನಾನು ಯಂತ್ರದ ಕೈಲಿ ಅವನಿಗೆ ಸುಳ್ಳು ಹೇಳಿಸಿದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅವರ ಮರು ಉತ್ತರ ಹೀಗಿತ್ತು: "ಮೇಡಂ, ಇದು ನಿಮ್ಮ ಮಾತಲ್ಲ ಅನ್ನಿಸುತ್ತಿದೆ. ನಿಮ್ಮ ಮಾತಲ್ಲೇ ಬರೆಯಿರಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಅದನ್ನು ಇಲ್ಲಿ ಯಾರಾದರೂ ತಿದ್ದುತ್ತಾರೆ. ಇಲ್ಲದ ಪುಸ್ತಕವನ್ನು ತಿದ್ದುವುದು ಹೇಗೆ?"

ಆಮೇಲೆ ಒಂದು ವಾರ ನಾನು ಲಾಗಿನ್ ಆಗಲೇ ಇಲ್ಲ.

ಮತ್ತೆ ಹೋಗುವಂತೆ ಮಾಡಿದ್ದು ನನ್ನ ನಾದಿನಿಯ ಚಿಕ್ಕ ಮಗ. ಏಳನೇ ಕ್ಲಾಸು. ಶಾಲೆಯ ಪ್ರಾಜೆಕ್ಟು, 'ನಮ್ಮ ಜಿಲ್ಲೆಯ ನೋಡತಕ್ಕ ಸ್ಥಳಗಳು'. ಬಣ್ಣದ ಪೆನ್ನಿನಲ್ಲಿ ಅಂಚು ಬರೆದು, ಚಿತ್ರ ಅಂಟಿಸಿ, ಚೆಂದ ಮಾಡಿದ್ದ. ಅಮ್ಮನ ಊರು, ಅತ್ತೆಯ ಊರು ಅಂತ ನನಗೆ ತೋರಿಸಲು ತಂದಿದ್ದ. ಸಂತೆಬೆನ್ನೂರು ಪುಷ್ಕರಣಿಯ ಕೆಳಗೆ ಬರೆದಿದ್ದ: 'ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಗಿ ಮಾನ್ಯತೆ ಪಡೆದಿದೆ.' ಆ ವಾಕ್ಯ ನನ್ನದು. ಅಂದರೆ ಯಂತ್ರದ್ದು, ನನ್ನ ಹೆಸರಿನಲ್ಲಿ ಏರಿದ್ದು. ಅದು ಶುದ್ಧ ಸುಳ್ಳು. ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿರುವುದು ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟ, ಆಮೇಲೆ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು.

"ಇದೆಲ್ಲಿಂದ ಬರೆದೆಯೋ ಪುಟ್ಟಾ?" ಎಂದೆ.

"ವಿಕಿಪೀಡಿಯದಲ್ಲಿತ್ತು ಅತ್ತೆ" ಎಂದ.

ಆ ಸಾಲಿನ ಪಕ್ಕ ಅವನ ಟೀಚರ್ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದರು. ಅವರ ತಪ್ಪೇನಿದೆ? ನಲವತ್ತು ಮಕ್ಕಳ ಪ್ರಾಜೆಕ್ಟ್ ನೋಡುವವರು, ನಂಬಬೇಕಾದ ಕಡೆ ಇದ್ದದ್ದನ್ನು ನಂಬಿದರು. ಅವನನ್ನು ಕೂರಿಸಿಕೊಂಡು, ಅದು ನಾನು ಮಾಡಿದ ತಪ್ಪು ಎಂದು ಹೇಳಿದೆ. ಅವನ ಮುಂದೆಯೇ ಪುಟ ತೆರೆದು ಆ ವಾಕ್ಯ ತೆಗೆದೆ. ಅದು ಹದಿನೆಂಟು ದಿನ ಅಲ್ಲಿತ್ತು. ಇನ್ನು ಎಷ್ಟು ಮಕ್ಕಳು ಬರೆದುಕೊಂಡರೋ.

ಅವತ್ತು ರಾತ್ರಿ ಇಡೀ ಲೇಖನವನ್ನು ಪ್ರಿಂಟ್ ತೆಗೆದೆ. ವರ್ಷದ ಕೊನೆಗೆ ಖಾತೆ ತಾಳೆ ನೋಡುತ್ತೇವಲ್ಲ, ಹಾಗೆ ಒಂದೊಂದು ವಾಕ್ಯದ ಎದುರು ಗೆರೆ ಎಳೆದೆ. ಇದರ ಚೀಟಿ ಎಲ್ಲಿ?

ಮೊದಲು ಕೈಗೆ ಸಿಕ್ಕಿದ್ದು ಉಲ್ಲೇಖ 7. ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶನ, ವರ್ಷ, ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್ ಎಲ್ಲ ಇತ್ತು. ಎಲ್ಲಿ ಹುಡುಕಿದರೂ ಪುಸ್ತಕ ಸಿಗಲಿಲ್ಲ. ಹಿರಿಯ ಸಂಪಾದಕರು ಒಂದು ಉಪಾಯ ಹೇಳಿಕೊಟ್ಟರು. ಹದಿಮೂರು ಅಂಕಿಯ ಐಎಸ್‌ಬಿಎನ್‌ನಲ್ಲಿ ಕೊನೆಯ ಅಂಕಿ ಸುಮ್ನೆ ಇಟ್ಟದ್ದಲ್ಲ. ಮೊದಲ ಅಂಕಿಯನ್ನು ಒಂದರಿಂದ, ಎರಡನೆಯದನ್ನು ಮೂರರಿಂದ, ಮತ್ತೆ ಒಂದರಿಂದ, ಮತ್ತೆ ಮೂರರಿಂದ, ಹೀಗೆ ಗುಣಿಸುತ್ತಾ ಹೋಗಿ ಎಲ್ಲ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಶೇಷ ಉಳಿದರೆ ಆ ಸಂಖ್ಯೆ ತಪ್ಪು. ಲೆಕ್ಕ ನನ್ನ ಕೆಲಸ. ಕೂಡಿದೆ. ಶೇಷ ಉಳಿಯಿತು. ಬರೆದುಕೊಂಡಿದ್ದು ತಪ್ಪಿರಬಹುದು ಎಂದು ಎರಡನೇ ಸಲ ಕೂಡಿದೆ. ಮತ್ತೆ ಉಳಿಯಿತು. ಪುಸ್ತಕವೂ ಇಲ್ಲ, ಸಂಖ್ಯೆಯೂ ಇಲ್ಲ. ಪುಸ್ತಕದ ಉಲ್ಲೇಖ ನೋಡಲು ಹೇಗಿರುತ್ತದೋ ಹಾಗೆ ಯಂತ್ರ ಒಂದನ್ನು ಜೋಡಿಸಿತ್ತು. ಅದಕ್ಕೆ ಪುಸ್ತಕ ಬೇಕಿಲ್ಲ. ಇಂಥ ಪದದ ನಂತರ ಎಂಥ ಪದ ಬಂದರೆ ಹೊಂದುತ್ತದೆ ಎಂಬುದು ಅದಕ್ಕೆ ಗೊತ್ತು, ಅಷ್ಟೇ.

ಚಾಟ್‌ಬಾಟ್‌ಗೇ ಕೇಳಿ ನೋಡಿದೆ, ಈ ಉಲ್ಲೇಖ ಸರಿಯಾ ಎಂದು. ಸರಿಯಿದೆ, ಪರಿಶೀಲಿಸಿದ್ದೇನೆ ಎಂದಿತು. ಇಲ್ಲ, ಸಿಗುತ್ತಿಲ್ಲ ಎಂದೆ. ಕ್ಷಮಿಸಿ, ನೀವು ಹೇಳಿದ್ದು ನಿಜ ಎಂದು ಇನ್ನೊಂದು ಪುಸ್ತಕದ ಹೆಸರು ಕೊಟ್ಟಿತು. ಅದೂ ಸಿಗಲಿಲ್ಲ.

ಶಾಸನದ ಉಲ್ಲೇಖ ಇನ್ನೂ ಸೂಕ್ಷ್ಮದ್ದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಎಂದು ಲೇಖನದಲ್ಲಿತ್ತು. ಈ ಸಂಪುಟ ನಿಜವಾಗಿಯೂ ಇದೆ. ಸ್ಕ್ಯಾನ್ ಮಾಡಿದ್ದು ಆರ್ಕೈವ್ ತಾಣದಲ್ಲಿ ಸಿಗುತ್ತದೆ. ತೆರೆದು ನೋಡಿದರೆ ಅದು ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ತಾಲೂಕು ಅದರಲ್ಲಿದೆ, ಹರಿಹರದ ಶಾಸನಗಳೂ ಇವೆ, ಸಂತೆಬೆನ್ನೂರು ಇಲ್ಲ. ಯಾಕೆ ಎಂದು ಹೊಳೆಯಲು ಎರಡು ದಿನ ಬೇಕಾಯಿತು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮೊದಲು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು ನಿಜ. ಆದರೆ ಸಂತೆಬೆನ್ನೂರು ಇರುವ ಚನ್ನಗಿರಿ ತಾಲೂಕು ಬಂದದ್ದು ಶಿವಮೊಗ್ಗದಿಂದ. ಹಾಗಾಗಿ ಚನ್ನಗಿರಿಯ ಶಾಸನಗಳನ್ನು ಹುಡುಕಬೇಕಾದ್ದು ಶಿವಮೊಗ್ಗದ 7ನೇ ಸಂಪುಟದಲ್ಲಿ. ಯಂತ್ರಕ್ಕೆ 'ದಾವಣಗೆರೆ, ಹಳೆಯ ಚಿತ್ರದುರ್ಗ' ಎಂಬುದು ಗೊತ್ತಿತ್ತು, ಅಲ್ಲಿಂದ ಮುಂದಕ್ಕೆ ಊಹೆ. ನಮ್ಮ ಜಿಲ್ಲೆಯ ಬಗ್ಗೆ ಬರೆಯುವವರು ಇದನ್ನು ದಯವಿಟ್ಟು ನೆನಪಿಡಿ. ಹರಪನಹಳ್ಳಿಯದು ಇನ್ನೂ ಗೋಜಲು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಯಾವ ವರ್ಷದ ಪುಸ್ತಕ ಎಂದು ನೋಡದೆ ಜಿಲ್ಲೆ ಬರೆದರೆ ತಪ್ಪೇ ಆಗುತ್ತದೆ.

ಒಂದು ಪ್ಯಾರಾದಲ್ಲಿ ಹೊಂಡ ಕಟ್ಟಿಸಿದ್ದು ಕೆಂಗ ಹನುಮಪ್ಪ ನಾಯಕ ಎಂದಿತ್ತು. ಮೂರು ಪ್ಯಾರಾ ಕೆಳಗೆ ಚಿತ್ರದುರ್ಗದ ಮದಕರಿ ನಾಯಕ ಎಂದಿತ್ತು. ಪ್ರಕಟಿಸುವ ಮೊದಲು ನಾನು ಎರಡನ್ನೂ ಓದಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ಇಲ್ಲದ ಪುಸ್ತಕಗಳಲ್ಲ. ಇರುವ ಪುಟಗಳು. ಕೊಂಡಿ ಒತ್ತಿದರೆ ಪುಟ ತೆರೆಯುತ್ತದೆ, ಒಳ್ಳೆಯ ಪತ್ರಿಕೆಯ ವರದಿ, ಪುಷ್ಕರಣಿಯ ಬಗ್ಗೆಯೇ ಇದೆ. ಆದರೆ ನನ್ನ ಲೇಖನ ಅದರ ತಲೆ ಮೇಲೆ ಹೊರಿಸಿದ ಮಾತು ಅದರಲ್ಲಿ ಇಲ್ಲ. ಹೊಂಡದ ಹೂಳಿನ ಬಗ್ಗೆ ಇರುವ ವರದಿಯನ್ನು ಶಿಲ್ಪಶೈಲಿಗೆ ಆಧಾರವಾಗಿ ಕೊಟ್ಟಿತ್ತು. ಕೊಂಡಿ ತೆರೆದರೆ ಸಾಕು ಎಂದುಕೊಂಡವರಿಗೆ ಈ ತಪ್ಪು ಕಾಣುವುದಿಲ್ಲ. ಪೂರ್ತಿ ಓದಬೇಕು. ಇಪ್ಪತ್ತನಾಲ್ಕರಲ್ಲಿ ಹೇಳಿದ ಮಾತೂ ಇದ್ದು, ಆಧಾರವೂ ಇದ್ದದ್ದು ಐದೇ ಐದು.

ಭಾಷೆಯ ವಿಷಯವನ್ನೂ ಹೇಳಬೇಕು. ಪಕ್ಕದ ಸೂಳೆಕೆರೆಯ ಬಗ್ಗೆ ಒಂದು ವಾಕ್ಯದಲ್ಲಿ 'ಈ ಬೃಹತ್ ತೊಟ್ಟಿಯು' ಎಂದಿತ್ತು. ನಮ್ಮ ಕಡೆಯ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕೆರೆಗೆ ಟ್ಯಾಂಕ್ ಎಂದೇ ಬರೆಯುತ್ತಿದ್ದರು. ಅದು ಕನ್ನಡಕ್ಕೆ ವಾಪಸ್ ಬರುವಾಗ ತೊಟ್ಟಿಯಾಗಿತ್ತು. ಚನ್ನಗಿರಿ ಸೀಮೆಯ ಗದ್ದೆ ತೋಟಗಳಿಗೆ ನೀರು ಕೊಡುವ ಕೆರೆಯನ್ನು ತೊಟ್ಟಿ ಎಂದು ನಾನೇ ಬರೆದಂತಾಯಿತು. 'ಸಮೃದ್ಧ ಸಾಂಸ್ಕೃತಿಕ ಪರಂಪರೆಯ ಪ್ರತೀಕವಾಗಿದೆ', 'ಮಹತ್ವದ ಪಾತ್ರ ವಹಿಸುತ್ತದೆ', 'ಕೇವಲ ಒಂದು ಹೊಂಡವಲ್ಲ' ಎಂಬ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದೆ. ಅವುಗಳಿಂದ ಹೊಂಡದ ಬಗ್ಗೆ ಒಂದು ವಿಷಯವೂ ತಿಳಿಯುವುದಿಲ್ಲ. ಯಾವ ಊರಿನ ಯಾವ ಹೊಂಡಕ್ಕೆ ಬೇಕಾದರೂ ಅಂಟಿಸಬಹುದು.

ಸೂಳೆಕೆರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂಬ ಮಾತನ್ನೂ ತೆಗೆದೆ. ಇದು ಯಂತ್ರದ ಸೃಷ್ಟಿ ಅಲ್ಲ, ಚಿಕ್ಕಂದಿನಿಂದ ನಾವೆಲ್ಲ ಹೇಳಿಕೊಂಡು ಬಂದದ್ದು. ಮೂರು ಉಲ್ಲೇಖಗಳಿದ್ದವು. ಮೂರರಲ್ಲೂ ಅದೇ ವಾಕ್ಯ, ಒಂದನ್ನು ನೋಡಿ ಇನ್ನೊಂದು ಬರೆದದ್ದು. ಅಳೆದವರು ಯಾರು, ಮೊದಲನೆಯದು ಯಾವುದು ಎಂದು ಒಂದರಲ್ಲೂ ಇರಲಿಲ್ಲ. ತೆಗೆಯುವಾಗ ಕೈ ತಡೆಯಿತು. ನಮ್ಮ ಹೆಮ್ಮೆ ಅದು, ಅಲ್ವಾ? ಆದರೂ ತೆಗೆದೆ.

ಈ ಎಲ್ಲದರ ನಡುವೆ ಹಿರಿಯ ಸಂಪಾದಕರಿಗೆ ನನ್ನ ಮಾತಲ್ಲೇ ಬರೆದೆ. "ಸರ್, ತಪ್ಪಾಯಿತು. ಮೊದಲ ಉತ್ತರವೂ ಎಐ ಬರೆದದ್ದು. ನಾನು ಏನನ್ನೂ ನೋಡಿರಲಿಲ್ಲ. ಈಗ ನೋಡುತ್ತಿದ್ದೇನೆ." ಅರ್ಧ ಗಂಟೆಯಲ್ಲಿ ಉತ್ತರ ಬಂತು, "ನಿಮ್ಮ ಹಾಗೆ ಹೇಳಿಕೊಂಡವರು ಕಡಿಮೆ. ನಿಲ್ಲಿಸಬೇಡಿ" ಎಂದು.

ಅವರೇ ಹೇಳಿದ ಮೇಲೆ ಗೊತ್ತಾಯಿತು, ಇದು ನನ್ನೊಬ್ಬಳ ಕತೆಯಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಐ ಬರಹ ಹುಡುಕಿ ತೆಗೆಯಲೆಂದೇ 2023ರಲ್ಲಿ ಸ್ವಯಂಸೇವಕರ ಒಂದು ಗುಂಪು ಶುರುವಾಗಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಹೊಸ ನಿಯಮವೂ ಬಂತು. ಮನುಷ್ಯರು ಪರಿಶೀಲಿಸದೆ ಎಐ ಬರೆದದ್ದನ್ನು ಹಾಗೇ ಹಾಕಿದ ಪುಟವನ್ನು ವಾರಗಟ್ಟಲೆ ಚರ್ಚೆ ಮಾಡದೆ ಬೇಗ ಅಳಿಸಬಹುದು. ಅದಕ್ಕೆ ಗುರುತುಗಳೂ ಇವೆ. ಇಲ್ಲದ ಪುಸ್ತಕಗಳ ಉಲ್ಲೇಖ ಒಂದು. 'ನೀವು ಕೇಳಿದ ಲೇಖನ ಇಲ್ಲಿದೆ' ಎಂಬಂತೆ ಚಾಟ್‌ಬಾಟ್ ಆಡಿದ ಮಾತು ಪುಟದಲ್ಲೇ ಉಳಿದಿರುವುದು ಇನ್ನೊಂದು.

ಕನ್ನಡಕ್ಕೆ ಈ ಪೆಟ್ಟು ಹೊಸದಲ್ಲವಂತೆ. 2010ರ ಸುಮಾರಿಗೆ ಗೂಗಲ್‌ನ ಅನುವಾದ ಯೋಜನೆಯೊಂದರಲ್ಲಿ ಇಂಗ್ಲಿಷ್ ಲೇಖನಗಳು ಯಂತ್ರದ ನೆರವಿನಿಂದ ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳಿಗೆ ರಾಶಿ ರಾಶಿಯಾಗಿ ಬಂದವು. ಉದ್ದುದ್ದ ಪುಟಗಳು, ಓದಿದರೆ ನಾಲಿಗೆ ಹೊರಳುವುದಿಲ್ಲ. ಆಗ ಕನ್ನಡ ಓದಿದ ತಕ್ಷಣ ಇದು ಯಂತ್ರದ್ದು ಎಂದು ಗೊತ್ತಾಗುತ್ತಿತ್ತು. ಈಗ ಗೊತ್ತಾಗುವುದಿಲ್ಲ. ಅದೇ ನನಗೆ ಜಾಸ್ತಿ ಭಯ ಹುಟ್ಟಿಸುವುದು. ಎಐಗಳು ಕಲಿಯುವುದು ವಿಕಿಪೀಡಿಯದಂಥ ಕಡೆಯಿಂದಲೂ. ಇಂಗ್ಲಿಷಿನಲ್ಲಿ ಒಂದು ತಪ್ಪು ಬಿದ್ದರೆ ಅದನ್ನು ಸುಳ್ಳು ಎಂದು ತೋರಿಸಲು ನೂರು ಪುಟಗಳಿರುತ್ತವೆ. ಕನ್ನಡದಲ್ಲಿ ಒಂದು ಊರಿನ ಬಗ್ಗೆ ಇರುವುದೇ ಒಂದು ಪುಟ. ಅದರಲ್ಲಿ ನಾನು ಸುಳ್ಳು ಏರಿಸಿದರೆ, ನಾಳೆ ಅದೇ ಯಂತ್ರ ಅದನ್ನೇ ಓದಿ ಇನ್ನೊಬ್ಬರಿಗೆ ಕೊಡುತ್ತದೆ, ಈ ಸಲ ನಿಜವಾದ ಉಲ್ಲೇಖದ ಜೊತೆ.

ಎಐ ಪೂರ್ತಿ ಬಿಟ್ಟಿದ್ದೀರಾ ಎಂದು ನಾದಿನಿಯ ಮಗಳು ಕೇಳಿದಳು. ಪೂರ್ತಿ ಬಿಟ್ಟಿಲ್ಲ. ಹಳೆಯ ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಅರ್ಥವಾಗದಿದ್ದರೆ ಕೇಳುತ್ತೇನೆ, ಪುಟ ನನ್ನ ಮುಂದೆ ತೆರೆದೇ ಇರುತ್ತದೆ. ಯಾವ ಪುಸ್ತಕದಲ್ಲಿ ಹುಡುಕಬಹುದು ಎಂದು ಕೇಳಿದ್ದೂ ಇದೆ. ಆದರೆ ವಾಕ್ಯ ನಾನೇ ಬರೆಯುತ್ತೇನೆ. ಮೊದಲು ಪುಸ್ತಕ ಓದಿ, ಮುಚ್ಚಿಟ್ಟು, ನನಗೆ ಅರ್ಥವಾದದ್ದನ್ನು ನನ್ನ ಮಾತಲ್ಲಿ ಬರೆದು, ಮತ್ತೆ ತೆರೆದು ತಾಳೆ ನೋಡುತ್ತೇನೆ. ಒಂದು ಸಂಜೆಗೆ ಎರಡು ವಾಕ್ಯ, ಹೆಚ್ಚೆಂದರೆ ಮೂರು. ನನಗೆ ಅಷ್ಟು ಸಾಕು.

ಜನವರಿಯಲ್ಲಿ ಒಂದು ಭಾನುವಾರ ಸಂತೆಬೆನ್ನೂರಿಗೆ ಹೋದೆ. ಹೊಂಡದ ಹತ್ತಿರ ಅವ್ವನನ್ನೂ ಕರೆದುಕೊಂಡು ಹೋದೆ. ನೀರಿನ ಅಂಚಿನ ಪುಟ್ಟ ಮಂಟಪಗಳನ್ನು ಎಣಿಸಿದೆ. ಯಂತ್ರ ಕೊಟ್ಟ ಲೆಕ್ಕಕ್ಕೂ ನಾನು ಎಣಿಸಿದ್ದಕ್ಕೂ ಹೊಂದಲಿಲ್ಲ. ಆದರೆ ಕಣ್ಣಾರೆ ಎಣಿಸಿದ್ದನ್ನೂ ಹಾಗೇ ಬರೆಯುವಂತಿಲ್ಲ. ಸ್ವಂತ ಸಂಶೋಧನೆಗೆ ವಿಕಿಪೀಡಿಯದಲ್ಲಿ ಜಾಗವಿಲ್ಲ, ಬೇರೆ ಕಡೆ ಪ್ರಕಟವಾಗಿರಬೇಕು. ಈ ನಿಯಮ ಮೊದಲು ವಿಚಿತ್ರ ಅನ್ನಿಸಿತು. ಈಗ ಒಪ್ಪುತ್ತೇನೆ. ನಾನು ಎಣಿಸಿದ್ದು ಸರಿಯೋ ತಪ್ಪೋ ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು? ಫೋಟೋ ಹಾಕಬಹುದು ಎಂದರು. ನಾಲ್ಕು ದಿಕ್ಕಿನಿಂದಲೂ ತೆಗೆದು, ಯಾರು ಬೇಕಾದರೂ ಬಳಸಲಿ ಎಂಬ ಪರವಾನಗಿಯಲ್ಲಿ ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ಕಾಮನ್ಸ್‌ಗೆ ಏರಿಸಿದೆ.

ಅವ್ವ ಮೆಟ್ಟಿಲ ಮೇಲೆ ಕೂತು ಒಂದು ಮಾತು ಹೇಳಿದಳು. "ನಾವು ಸಣ್ಣೋರಿದ್ದಾಗ ಇಗಾ, ಈ ಮೆಟ್ಲು ಮುಳುಗಿದ್ರೆ ಊರಿನ ಬಾವಿ ಆ ಬೇಸಿಗೆ ಬತ್ತಲ್ಲ ಅಂತಿದ್ರು ಕಣವ್ವಾ." ಎಷ್ಟು ಹುಡುಕಿದರೂ ಇದು ಎಲ್ಲೂ ಬರೆದದ್ದು ಸಿಕ್ಕಿಲ್ಲ. ಲೇಖನಕ್ಕೆ ಸೇರಿಸಿಲ್ಲ. ಚರ್ಚೆ ಪುಟದಲ್ಲಿ ಮಾತ್ರ ಹಾಕಿದ್ದೇನೆ, ಹೀಗೊಂದು ಮಾತು ಊರಿನಲ್ಲಿದೆ, ಯಾರಿಗಾದರೂ ಆಧಾರ ಸಿಕ್ಕರೆ ತಿಳಿಸಿ ಎಂದು. ಕೆಳಗೆ ನನ್ನ ಸಹಿ ಇದೆ.

ಅರವತ್ತು ವಾಕ್ಯಗಳಲ್ಲಿ ಈಗ ಉಳಿದಿರುವುದು ಹನ್ನೊಂದು. 1975ರ ಶಿವಮೊಗ್ಗ ಜಿಲ್ಲಾ ಗೆಜೆಟಿಯರ್‌ನಲ್ಲಿ ಚನ್ನಗಿರಿ ತಾಲೂಕಿನ ಬಾವಿ, ಹೊಂಡಗಳ ಬಗ್ಗೆ ಏನಾದರೂ ಇದೆಯೇ ಎಂದು ನೋಡಬೇಕು. ಮುಂದಿನ ಅಮಾವಾಸ್ಯೆಗೆ ಅಂಗಡಿ ರಜೆ. ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತುತ್ತೇನೆ. ಅವ್ವನೂ ಬರುತ್ತೇನೆ ಎಂದಿದ್ದಾಳೆ.